ಗೊರಕೆಯೆಂದರೆ ಗಾಢ ನಿದ್ರೆಯಲ್ಲ

ನಿದ್ರೆಯು ಅಲ್ಲಾಹನ ಅನುಗ್ರಹಗಳಲ್ಲೊಂದು. ಅದನ್ನು ವಿಶ್ರಾಂತಿಗಾಗಿ ಉಂಟುಮಾಡಲಾಗಿದೆಯೆಂದು ಪವಿತ್ರ ಕುರ್‌ಆನ್‌ನ ‘ಅನ್ನಬಅ್’ ಅಧ್ಯಾಯವು ತಿಳಿಸುತ್ತದೆ. ಆದರೆ ಕೆಲವರಿಗೆ ಎಂಟು ತಾಸು ಮಲಗಿದರೂ ವಿಶ್ರಾಂತಿ ದೊರೆಯುವುದಿಲ್ಲ. ಸುಬ್‌ಹ್ ನಮಾಝ್‌ಗೆ ಏಳಲಾಗದು, ಎದ್ದರೆ ತಲೆನೋವು, ಜುಮಾದ ಖುತ್ಬಾ ಆರಂಭವಾಗುವಷ್ಟರಲ್ಲಿ ತೂಕಡಿಕೆ. ಇಂಥವರನ್ನು ನಾವು ಸೋಮಾರಿಗಳೆಂದೋ ಈಮಾನ್ ದುರ್ಬಲವಾದವರೆಂದೋ ತೀರ್ಮಾನಿಸಿಬಿಡುತ್ತೇವೆ. ಅದಕ್ಕೆ ಮುನ್ನ ಅವರ ಮನೆಯವರಲ್ಲಿ ಒಂದು ಮಾತು ಕೇಳಬೇಕು: ರಾತ್ರಿ ಇವರು ಗೊರಕೆ ಹೊಡೆಯುತ್ತಾರೆಯೇ?

ಗೊರಕೆಯನ್ನು ಒಳ್ಳೆಯ ನಿದ್ರೆಯ ಲಕ್ಷಣವೆಂದು ತಿಳಿದವರು ಅನೇಕರಿದ್ದಾರೆ. ಎಲ್ಲ ಗೊರಕೆಯೂ ರೋಗವಲ್ಲ, ನಿಜ. ಆದರೆ ಜೋರಾದ ಗೊರಕೆ ಥಟ್ಟನೆ ನಿಂತು, ಹತ್ತಿಪ್ಪತ್ತು ಸೆಕೆಂಡು ಉಸಿರೇ ಕೇಳಿಸದೆ, ಆಮೇಲೆ ಏದುಸಿರಿನೊಂದಿಗೆ ಮತ್ತೆ ಆರಂಭವಾಗುತ್ತಿದ್ದರೆ ಅದು ‘ಸ್ಲೀಪ್ ಆಪ್ನಿಯಾ’ ಎಂಬ ರೋಗವಿರಬಹುದು. ಇದರಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಾಗ ಮೆದುಳು ಅರೆ ಎಚ್ಚರಗೊಂಡು ದಾರಿಯನ್ನು ತೆರೆಯುತ್ತದೆ. ತೀವ್ರವಾದ ರೋಗವಿದ್ದವರಲ್ಲಿ ತಾಸಿಗೆ 30ಕ್ಕೂ ಹೆಚ್ಚು ಬಾರಿ ಹೀಗಾಗುತ್ತದೆ. ಬೆಳಿಗ್ಗೆ ಅವರಿಗೆ ಅದರ ನೆನಪೇ ಇರುವುದಿಲ್ಲ. ಅದಕ್ಕೆ ಸಾಕ್ಷಿ ಪಕ್ಕದಲ್ಲಿ ನಿದ್ದೆಗೆಟ್ಟ ಪತ್ನಿ. ಆಕೆ ಹೇಳಿದರೆ ನಗೆಯಾಡದೆ ಕೇಳಿರಿ. ಚಿಕಿತ್ಸೆ ಮಾಡಿಸದಿದ್ದರೆ ರಕ್ತದೊತ್ತಡ ಏರಬಹುದು, ಹೃದಯಕ್ಕೂ ಅಪಾಯವಿದೆ. ಲಾರಿ, ಬಸ್ಸು ಓಡಿಸುವವರ ತೂಕಡಿಕೆಯಂತೂ ಇತರರ ಪ್ರಾಣಕ್ಕೂ ಎರವಾದೀತು.

ಒಂದು ರಾತ್ರಿಯ ನಿದ್ರಾ ಪರೀಕ್ಷೆಯಿಂದ ರೋಗ ಪತ್ತೆಯಾಗುತ್ತದೆ. ಮೂಗಿನ ಮೇಲಿನ ಮುಖವಾಡದ ಮೂಲಕ ಗಾಳಿಯ ಒತ್ತಡ ನೀಡಿ ಗಂಟಲನ್ನು ತೆರೆದಿಡುವ ‘ಸಿಪ್ಯಾಪ್’ ವಿಧಾನವನ್ನು ಆಸ್ಟ್ರೇಲಿಯದ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದರು. ಇಂದಿಗೂ ಮುಖ್ಯ ಚಿಕಿತ್ಸೆ ಅದೇ. ದೇಹದ ತೂಕ ಇಳಿಸುವುದರಿಂದಲೂ ಅಂಗಾತ ಮಲಗದೆ ಮಗ್ಗುಲಾಗಿ ಮಲಗುವುದರಿಂದಲೂ ಅನೇಕರಿಗೆ ಪ್ರಯೋಜನವಾಗುತ್ತದೆ. ಪ್ರವಾದಿವರ್ಯರು(ಸ) ಬಲ ಮಗ್ಗುಲಲ್ಲಿ ಮಲಗುತ್ತಿದ್ದರು. ಸುನ್ನತ್ತೆಂದು ಅದನ್ನು ಪಾಲಿಸೋಣ, ಆದರೆ ಅದನ್ನೇ ನೆಪ ಮಾಡಿಕೊಂಡು ವೈದ್ಯರ ಬಳಿಗೆ ಹೋಗದಿರುವುದು ಸರಿಯಲ್ಲ. ಗೊರಕೆಯ ವಿಷಯ ವೈದ್ಯರಿಗೆ ತಿಳಿಸದೆ ನಿದ್ರೆ ಮಾತ್ರೆ ನುಂಗಲೇಬಾರದು. ಕೆಲವು ಮಾತ್ರೆಗಳು ಗಂಟಲನ್ನು ಇನ್ನಷ್ಟು ಸಡಿಲಗೊಳಿಸುತ್ತವೆ.

ರೋಗವೇನೂ ಇಲ್ಲದೆ ಮಧ್ಯರಾತ್ರಿಯವರೆಗೆ ಮೊಬೈಲ್ ಹಿಡಿದು ಸುಬ್‌ಹ್ ತಪ್ಪಿಸುವವರ ವಿಷಯ ಬೇರೆ. ಇಶಾಕ್ಕೆ ಮುನ್ನ ಮಲಗುವುದನ್ನೂ ಇಶಾದ ಬಳಿಕ ಹರಟುವುದನ್ನೂ ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲ. ವಯಸ್ಕರಿಗೆ ಕನಿಷ್ಠ 7 ತಾಸು ನಿದ್ರೆ ಬೇಕು. ರಾತ್ರಿಯಿಡೀ ನಮಾಝ್‌ನಲ್ಲಿ ನಿಲ್ಲುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೂ ದೇಹದ ಮತ್ತು ಕಣ್ಣಿನ ಹಕ್ಕನ್ನು ಪ್ರವಾದಿವರ್ಯರು(ಸ) ನೆನಪಿಸಿದ್ದರು.

ತಾಯಂದಿರು ಮಕ್ಕಳ ಗೊರಕೆಯನ್ನೂ ಗಮನಿಸಬೇಕು. ಮಗು ದಿನವೂ ಗೊರಕೆ ಹೊಡೆದು ಬಾಯಿಂದ ಉಸಿರಾಡುತ್ತಿದ್ದರೆ ಟಾನ್ಸಿಲ್ ಊದಿಕೊಂಡಿರಬಹುದು. ಮದ್ರಸದಲ್ಲಿ ತೂಕಡಿಸುವ ಮಗುವಿಗೆ ಬೆತ್ತ ತೋರಿಸುವ ಮೊದಲು ಅದನ್ನು ವೈದ್ಯರಿಗೆ ತೋರಿಸಿರಿ.