ಸೇವೆಯ ಲೆಕ್ಕವನ್ನು ಬರೆದಿಡುವ ಕ್ರಮ

ಮೇಲಿನ ವ್ಯಾಸಂಗಕ್ಕಾಗಲಿ ಉದ್ಯೋಗಕ್ಕಾಗಲಿ ಅರ್ಜಿ ಬರೆಯುವ ನಮ್ಮ ವಿದ್ಯಾರ್ಥಿನಿಯರು ಪದೇ ಪದೇ ಕೇಳುವ ಪ್ರಶ್ನೆಯೊಂದುಂಟು. ತಾವು ಮಾಡಿದ ಸಮಾಜಸೇವೆಯನ್ನು ಅರ್ಜಿಯಲ್ಲಿ ಹೇಗೆ ಬರೆಯತಕ್ಕದ್ದು ಎಂಬುದೇ ಆ ಪ್ರಶ್ನೆ. ಬಲಗೈ ಮಾಡಿದ್ದನ್ನು ಎಡಗೈ ಅರಿಯಬಾರದಲ್ಲವೇ, ಸೇವೆಯನ್ನು ಬರೆದು ತೋರಿಸುವುದು ಆತ್ಮಸ್ತುತಿಯಲ್ಲವೇ ಎಂದು ತಾಯ್ತಂದೆಗಳಲ್ಲಿ ಕೆಲವರು ಸಂಕೋಚಪಡುತ್ತಾರೆ. ಈ ಸಂಕೋಚವು ಸದ್ಗುಣದಿಂದಲೇ ಹುಟ್ಟಿದ್ದು. ಆದರೂ ತನ್ನನ್ನು ಹೊಗಳಿಕೊಳ್ಳುವುದು ಬೇರೆ, ಕೇಳಿದವರಿಗೆ ಲೆಕ್ಕ ಒಪ್ಪಿಸುವುದು ಬೇರೆ. ನಡೆದದ್ದನ್ನು ನಡೆದಂತೆಯೇ ಹೇಳುವವಳು ಜಂಬಗಾತಿಯಲ್ಲ.

ಈ ಲೆಕ್ಕವನ್ನು ಯಾರು ಕೇಳುತ್ತಾರೆಂಬುದನ್ನು ಮೊದಲು ನೋಡೋಣ. ನಮ್ಮ ರಾಜ್ಯದಲ್ಲಿ ಕಾಲೇಜು ಪ್ರವೇಶವು ಬಹುಮಟ್ಟಿಗೆ ಅಂಕಗಳನ್ನೇ ಅವಲಂಬಿಸಿದೆ. ಆದರೂ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಎನ್.ಸಿ.ಸಿ., ಸ್ಕೌಟ್ಸ್ ಮತ್ತು ಗೈಡ್ಸ್ ಮುಂತಾದ ವಿಶೇಷ ವರ್ಗಗಳುಂಟು. ಅಲ್ಲಿ ಬಾಯಿಮಾತು ಸಾಲದು, ಪ್ರಮಾಣಪತ್ರವೇ ಬೇಕು. ಗಾಂಧೀಜಿಯವರ ಜನ್ಮಶತಾಬ್ದಿಯ ಸಂದರ್ಭದಲ್ಲಿ, 1969ನೆಯ ಸೆಪ್ಟೆಂಬರ್ 24ರಂದು ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಸ್ವಯಂಸೇವಕಿಯು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. 7 ದಿನಗಳ ವಿಶೇಷ ಶಿಬಿರವೂ ಉಂಟು. ಅಮೆರಿಕದ ಅನೇಕ ಕಾಲೇಜುಗಳು ಸ್ವೀಕರಿಸುವ ಕಾಮನ್ ಅಪ್ಲಿಕೇಶನ್ ಎಂಬ ಅರ್ಜಿಯಲ್ಲಿ 10 ಚಟುವಟಿಕೆಗಳ ತನಕ ಬರೆಯಬಹುದು. ಪ್ರತಿಯೊಂದರ ವಿವರಣೆಗೆ 150 ಅಕ್ಷರಗಳಷ್ಟೇ ಸ್ಥಳ. ವಾರಕ್ಕೆಷ್ಟು ಗಂಟೆ, ವರ್ಷಕ್ಕೆಷ್ಟು ವಾರ ಎಂಬುದನ್ನೂ ಕೇಳುತ್ತಾರೆ. ಮೂರು ವರ್ಷಗಳ ಮೇಲೆ ಇಂಥ ಅಂಕೆಗಳನ್ನು ನೆನಪಿನಿಂದ ತೆಗೆಯುವುದು ಯಾರಿಂದ ಸಾಧ್ಯ? ಆದಕಾರಣ ಬರೆದಿಡುವ ಅಭ್ಯಾಸವು ಸೇವೆಯ ಮೊದಲನೆಯ ದಿನದಿಂದಲೇ ತೊಡಗತಕ್ಕದ್ದು.

ಇದಕ್ಕೆ ಒಂದು ಸಾಮಾನ್ಯ ನೋಟುಪುಸ್ತಕ ಸಾಕು. ಪುಟಕ್ಕೆ ಗೆರೆ ಹಾಕಿ ಆರು ಅಂಕಣಗಳನ್ನು ಮಾಡಿರಿ: ತಾರೀಖು, ಸ್ಥಳ, ಮಾಡಿದ ಕೆಲಸ, ಹಿಡಿದ ಗಂಟೆ, ಮೇಲ್ವಿಚಾರಕರ ಸಹಿ, ಮತ್ತು ಕಲಿತುಕೊಂಡದ್ದು. ಮೊದಲಿನ ನಾಲ್ಕನ್ನು ಅದೇ ದಿನ ಸಂಜೆ ತುಂಬಿಸಬೇಕು. ಸಹಿಯನ್ನು ತಿಂಗಳಿಗೊಮ್ಮೆಯಾದರೂ ಪಡೆಯಬೇಕು; ಮೇಲ್ವಿಚಾರಕರಿಗೆ ವರ್ಗವಾಗಬಹುದು, ನಿವೃತ್ತಿಯಾಗಬಹುದು. ಕೊನೆಯ ಅಂಕಣವನ್ನು ಹುಡುಗಿಯರು ಖಾಲಿ ಬಿಡುವುದೇ ಹೆಚ್ಚು. ಆದರೆ ಮುಂದೆ ಸಂದರ್ಶನದಲ್ಲಿ ಕೈಹಿಡಿಯುವುದು ಅದೇ ಅಂಕಣ.

ಇನ್ನು ಬರೆಯುವ ರೀತಿ. ಒಬ್ಬಳು ಹೀಗೆ ಬರೆಯುತ್ತಾಳೆನ್ನೋಣ: "ನನಗೆ ಸಮಾಜಸೇವೆಯಲ್ಲಿ ಬಹಳ ಆಸಕ್ತಿಯಿದೆ, ಬಡ ಮಕ್ಕಳ ಏಳಿಗೆಗಾಗಿ ದುಡಿದಿದ್ದೇನೆ." ಓದಿದವರಿಗೆ ಇದರಿಂದ ಏನೂ ತಿಳಿಯದು. ಇನ್ನೊಬ್ಬಳು ಹೀಗೆ ಬರೆಯುತ್ತಾಳೆ: "ನೆರೆಯ ಪ್ರಾಥಮಿಕ ಶಾಲೆಯ 6 ಮಕ್ಕಳಿಗೆ 24 ಶನಿವಾರ, ದಿನಕ್ಕೆ 2 ಗಂಟೆಯಂತೆ, ಕನ್ನಡ ಓದು ಹೇಳಿಕೊಟ್ಟೆನು, 4 ಮಕ್ಕಳು ತಾವಾಗಿ ಪಾಠ ಓದಬಲ್ಲವರಾದರು." ಇಲ್ಲಿ ಸ್ಥಳವುಂಟು, ಕಾಲವುಂಟು, 48 ಗಂಟೆಗಳ ಲೆಕ್ಕವುಂಟು, ಫಲವೂ ಉಂಟು. ಉಳಿದ ಇಬ್ಬರು ಇನ್ನೂ ಓದಲಾರರೆಂಬ ಸತ್ಯವನ್ನು ಆಕೆ ಮುಚ್ಚಿಲ್ಲ. ಈ ಪ್ರಾಮಾಣಿಕತೆಯೇ ಉಳಿದ ಮಾತಿಗೆಲ್ಲ ಬಲ ಕೊಡುತ್ತದೆ. ಉದ್ಯೋಗದ ಅರ್ಜಿಗೆ ಇದನ್ನೇ ಇನ್ನಷ್ಟು ಕುಗ್ಗಿಸಿ, ಸಂಸ್ಥೆ, ಹೊಣೆ, ವರ್ಷ, ಕೆಲಸ ಎಂಬ ಕ್ರಮದಲ್ಲಿ ಎರಡು ಸಾಲಿಗಿಳಿಸಬಹುದು.

ಶಿಬಿರಕ್ಕೆ ಹೋಗಲು ಬಿಡುವೇ ಇಲ್ಲದ ಹುಡುಗಿಯರೂ ನಮ್ಮಲ್ಲಿದ್ದಾರೆ. ಹಾಸಿಗೆ ಹಿಡಿದ ಅಜ್ಜಿಗೆ ಗಂಜಿ ಕುಡಿಸಿ, ತಮ್ಮತಂಗಿಯರನ್ನು ಶಾಲೆಗೆ ಹೊರಡಿಸಿ, ತಾಯಿ ದುಡಿಮೆಯಿಂದ ಹಿಂದಿರುಗುವ ಹೊತ್ತಿಗೆ ಅಡಿಗೆ ಮಾಡಿಟ್ಟು ಓದಲು ಕೂರುವವರು ಇವರು. ತಮಗೆ ಬರೆಯಲು ಏನೂ ಇಲ್ಲವೆಂದು ಇವರು ತಲೆ ತಗ್ಗಿಸುವುದುಂಟು. ಇದು ತಪ್ಪು ತಿಳಿವಳಿಕೆ. ಮೇಲೆ ಹೇಳಿದ ಅಮೆರಿಕದ ಅರ್ಜಿಯಲ್ಲಿ ಮನೆಯ ಜವಾಬ್ದಾರಿಯೂ ಒಂದು ಚಟುವಟಿಕೆಯೆಂದೇ ಎಣಿಸಲ್ಪಡುತ್ತದೆ. ಅದನ್ನು ಸಮಾಜಸೇವೆಯೆಂದು ಹೆಸರು ಬದಲಿಸದೆ, ಇದ್ದುದನ್ನು ಇದ್ದಂತೆ, ಗಂಟೆಗಳ ಲೆಕ್ಕದೊಡನೆ ಬರೆಯಲಿ. ತಾಯ್ತಂದೆಗಳು ಇದರಿಂದ ಮನೆಯ ಮಾನ ಹೋದೀತೆಂದು ಅಂಜಬಾರದು.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಮಾಡದ ಸೇವೆಗೆ ಪ್ರಮಾಣಪತ್ರ ಬರೆದುಕೊಡಿರೆಂದು ಪರಿಚಯದವರನ್ನು ಕೇಳುವುದು ಸಲ್ಲದು. ಅದು ಸುಳ್ಳು ದಾಖಲೆ. ಬಯಲಾದರೆ ಸಿಕ್ಕಿದ ಸೀಟೂ ಕೈತಪ್ಪೀತು. ಬಯಲಾಗದಿದ್ದರೂ, ಸುಳ್ಳು ಫಲಿಸುತ್ತದೆಂಬ ಪಾಠವನ್ನು ನಾವೇ ಮಗಳಿಗೆ ಕಲಿಸಿದಂತಾಯಿತು. ಎರಡನೆಯದಾಗಿ, ಸೇವೆ ಪಡೆದವರ ಹೆಸರು, ಕಾಯಿಲೆ, ಬಡತನದ ವಿವರಗಳನ್ನು ಅರ್ಜಿಯಲ್ಲಿ ಬಯಲಿಗಿಡಬಾರದು. ಅಪ್ಪಣೆಯಿಲ್ಲದೆ ಅವರ ಫೋಟೋ ತೆಗೆದು ಹಂಚಬಾರದು. ನಮ್ಮ ಉನ್ನತಿಗೆ ಅವರ ಮಾನವು ಮೆಟ್ಟಲಾಗಕೂಡದು.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ವಿಜ್ಞಾಪನೆ. ನಿಮ್ಮಲ್ಲಿ ಅನೇಕರು ಈಗ ಆಸ್ಪತ್ರೆ, ಶಾಲೆ, ಕಚೇರಿಗಳಲ್ಲಿ ಹೊಣೆಯ ಸ್ಥಾನದಲ್ಲಿದ್ದೀರಿ. ನಿಮ್ಮ ತಂಗಿಯರು ಸೇವೆ ಮಾಡಲು ಬಂದಾಗ ಅವರಿಗೆ ನಿಜವಾದ ಕೆಲಸ ಕೊಡಿರಿ, ಅವರ ಪುಸ್ತಕಕ್ಕೆ ಓದಿ ನೋಡಿಯೇ ಸಹಿ ಹಾಕಿರಿ. ಆರು ಅಂಕಣಗಳ ಆ ಪುಸ್ತಕವು ಅರ್ಜಿಯ ಕಾಲ ಮುಗಿದ ಮೇಲೂ ಅವರಿಗೆ ಉಪಯೋಗವಾಗುವುದು. ತಾನು ಯಾರಿಗೆ ಏನಾದೆನೆಂಬುದನ್ನು ಒಮ್ಮೊಮ್ಮೆ ತಿರುವಿ ನೋಡುವುದು ಯಾವ ವಯಸ್ಸಿನಲ್ಲಿಯೂ ಹಿತಕರವೇ.