ತೆಂಗಿನ ತೋಟವೂ ಮೂರು ಸರಕಾರಗಳೂ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕೆಂಕೆರೆಯ ರೈತನ ಬಾಳು ನಿಂತಿರುವುದು ತೆಂಗಿನ ಮೇಲೆ. ತೆಂಗು ನಿಂತಿರುವುದು ನೀರಿನ ಮೇಲೆ. ಕೆರೆ ಬತ್ತಿದಾಗ, ಕೊಬ್ಬರಿಯ ಬೆಲೆ ಕುಸಿದಾಗ ಸರಕಾರವೇನು ಮಾಡುತ್ತಿದೆಯೆಂಬ ಪ್ರಶ್ನೆ ಏಳುವುದು ಸಹಜ. ಯಾವ ಸರಕಾರವೆಂಬುದನ್ನು ಅರಿಯದಿದ್ದರೆ ಅಹವಾಲು ಸಲ್ಲದ ಬಾಗಿಲನ್ನು ಸೇರಿ ವ್ಯರ್ಥವಾಗುತ್ತದೆ.

ಭಾರತದ ವಿಸ್ತಾರ ಸುಮಾರು 32.87 ಲಕ್ಷ ಚದರ ಕಿಲೋಮೀಟರು. ಇದರಲ್ಲಿ 28 ರಾಜ್ಯಗಳೂ 8 ಕೇಂದ್ರಾಡಳಿತ ಪ್ರದೇಶಗಳೂ ಇವೆ. ಹಿಮಗಿರಿಗೂ ಕಡಲ ತೀರಕ್ಕೂ ಒಂದೇ ಕಟ್ಟಳೆ ಒಗ್ಗದು. ಆದಕಾರಣ 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ಅಧಿಕಾರವನ್ನು ಕೇಂದ್ರ, ರಾಜ್ಯ, ಸಮವರ್ತಿ ಎಂಬ ಮೂರು ಪಟ್ಟಿಗಳಲ್ಲಿ ಹಂಚಿತು. ಮೂಲದಲ್ಲಿ ಅವುಗಳ ವಿಷಯಗಳು ಕ್ರಮವಾಗಿ 97, 66 ಮತ್ತು 47.

ಮೊದಲು ನೀರನ್ನು ನೋಡೋಣ. ತುರುವೇಕೆರೆಯ ಕಡೆ ಬಿದ್ದ ಮಳೆ ಶಿಂಷಾ ನದಿಯ ಮೂಲಕ ಕಾವೇರಿಗೆ ಸೇರುತ್ತದೆ. ಹುಳಿಯಾರು, ಕೆಂಕೆರೆಗಳ ಕಡೆಯದು ಬೋರನಕಣಿವೆಯ ಸುವರ್ಣಮುಖಿ, ವೇದಾವತಿ, ತುಂಗಭದ್ರೆಗಳನ್ನು ಹಾದು ಕೃಷ್ಣೆಗೆ ಸೇರುತ್ತದೆ. ನೀರು ರಾಜ್ಯಪಟ್ಟಿಯ ವಿಷಯವೇ ಹೌದು. ಆದರೆ ಹಲವು ರಾಜ್ಯಗಳಲ್ಲಿ ಹರಿವ ನದಿಯ ನಿಯಂತ್ರಣಕ್ಕೆ ಸಂಸತ್ತು ಕಾನೂನು ಮಾಡಬಲ್ಲದು. ಕಾವೇರಿಗೆ 1990ರಲ್ಲಿ ನ್ಯಾಯಮಂಡಲಿ ರಚಿತವಾಯಿತು. 2007ರಲ್ಲಿ ಅದರ ಅಂತಿಮ ತೀರ್ಪು ಬಂದಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 284.75 ಟಿ.ಎಂ.ಸಿ. ಎಂದು ನಿಗದಿಗೊಳಿಸಿತು. ಹೇಮಾವತಿಯು ಕಾವೇರಿಯ ಉಪನದಿ. ಆದುದರಿಂದ ನಾಲೆಯಲ್ಲಿ ತುಮಕೂರು ಜಿಲ್ಲೆಗೆ ಬರುವ ಅದರ ನೀರೂ ಈ ಲೆಕ್ಕದೊಳಗಿನದೇ.

ಇನ್ನು ಕೊಬ್ಬರಿ. ತಿಪಟೂರಿನಂಥ ಮಾರುಕಟ್ಟೆಯ ವ್ಯವಸ್ಥೆ ರಾಜ್ಯಕ್ಕೆ ಸೇರಿದುದು. ಬೆಂಬಲ ಬೆಲೆಯನ್ನು ಘೋಷಿಸುವುದು ಕೇಂದ್ರ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,100 ರೂಪಾಯಿ ಗೊತ್ತಾಯಿತು. ಒಂದೇ ಮೂಟೆಯ ಮೇಲೆ ಎರಡು ಸರಕಾರಗಳ ಕೈಯಿದೆ.

ಮೂರನೆಯದು ಊರಿನ ಸರಕಾರ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೆಯ ತಿದ್ದುಪಡಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೆಸರಿಸಿತು. ಸಣ್ಣ ನೀರಾವರಿ, ಕುಡಿಯುವ ನೀರು ಅವುಗಳಲ್ಲಿ ಸೇರಿವೆ. ಗ್ರಾಮಸಭೆಯಲ್ಲಿ ಕೇಳಬೇಕಾದುದನ್ನು ದೆಹಲಿಗೆ ಬರೆದು ಫಲವಿಲ್ಲ.

ಶಿಕ್ಷಣವೂ 1976ರ 42ನೆಯ ತಿದ್ದುಪಡಿಯಿಂದ ರಾಜ್ಯಪಟ್ಟಿಯನ್ನು ಬಿಟ್ಟು ಸಮವರ್ತಿ ಪಟ್ಟಿಗೆ ಸೇರಿತು. ಪಟ್ಟಿಗಳನ್ನು ಕಂಠಪಾಠ ಮಾಡಿದ ಬಾಲಕನು ಪರೀಕ್ಷೆಯಲ್ಲಿ ಗೆಲ್ಲಬಹುದು. ತನ್ನ ತೋಟದ ನೀರು ಎಲ್ಲಿಗೆ ಹರಿಯುತ್ತದೆ, ತಂದೆಯ ಕೊಬ್ಬರಿಯ ಬೆಲೆ ಎಲ್ಲಿ ನಿರ್ಧಾರವಾಗುತ್ತದೆ ಎಂಬುದನ್ನು ಬಲ್ಲವನು ತನ್ನ ಊರಿನ ಅಹವಾಲನ್ನು ಸರಿಯಾದ ಬಾಗಿಲಿಗೆ ಮುಟ್ಟಿಸಬಲ್ಲನು. ಪೌರನೀತಿಯ ಪಾಠಕ್ಕೆ ಇದಕ್ಕಿಂತ ಹಿರಿದಾದ ಪ್ರಯೋಜನವಿಲ್ಲ.