ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಪಾಯಿಂಟ್ ಇರುವ ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗದಿದ್ದರೆ ಒಂದೇ ಸಮನೆ ಕೀ ತಿರುಗಿಸಿ ಬ್ಯಾಟರಿ ಬರಿದು ಮಾಡಬೇಡಿ. ಮೊದಲು ಕಿಡಿ ನೋಡಿ. ಒಂದು ಪ್ಲಗ್ ಬಿಚ್ಚಿ ಅದರ ವೈರಿಗೇ ಸಿಕ್ಕಿಸಿ, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು ಎಂಜಿನ್ನಿನ ಲೋಹಕ್ಕೆ ತಾಗಿಸಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಈ ಕೆಲಸ ಬೇಡವೇ ಬೇಡ. ನೀಲಿ ಕಿಡಿ ಚಟಚಟ ಹಾರಿದರೆ ಪೆಟ್ರೋಲಿನ ಕಡೆ ಹುಡುಕಿ.

ಹಾರದಿದ್ದರೆ ಕೀ ತೆಗೆದು ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚಿ. ಪಾಯಿಂಟ್ ಕಪ್ಪಗಾಗಿದ್ದರೆ ಉಜ್ಜಿ, ಪೂರ್ತಿ ತೆರೆದಾಗ ಸಂದು 0.35ರಿಂದ 0.40 ಮಿಲಿಮೀಟರ್ ಇರುವಂತೆ ಕೂರಿಸಿ. ಒಳಗಿನ ಪುಟ್ಟ ವೈರನ್ನು ಬೆರಳಿಂದ ಮೆಲ್ಲಗೆ ಅಲುಗಿಸಿ. ಹೊದಿಕೆ ಸವೆದು ಲೋಹಕ್ಕೆ ತಾಗುತ್ತಿದ್ದರೆ ಕಿಡಿ ಬರುವುದೇ ಇಲ್ಲ. ಹೊರಗಿನಿಂದ ಏನೂ ಕಾಣದು. ಹೊಸ ಕಾಯಿಲಿಗೆ ದುಡ್ಡು ಸುರಿಯುವ ಮುನ್ನ ಆ ವೈರನ್ನೊಮ್ಮೆ ನೋಡಿಬಿಡಿ.